ಮದ್ದೂರಿನ ರೈಲಿಗೆ ಹೊರಟ ಫಿಯೆಟ್ಟು

ಇಲಾಖೆಯವರು ಸಂಪತ್ ಕುಮಾರನನ್ನು ಉತ್ತರ ಕನ್ನಡದ ಕಾಡಿನಲ್ಲಿ ಹೊಸ ಅಣೆಕಟ್ಟಿನ ಕೆಲಸಕ್ಕೆ ಹಾಕಿದರು. ಅಲ್ಲಿ ಸಂಸಾರಕ್ಕೆ ಮನೆಯಿರಲಿಲ್ಲ, ಕಾರಿಗೆ ದಾರಿಯಿರಲಿಲ್ಲ. ಹಾಗಾಗಿ ಹೆಂಡತಿ ಆಂಡಾಳೂ ಹಳೆಯ ಫಿಯೆಟ್ಟೂ ಮಳವಳ್ಳಿಯಾಚೆಯ ಬ್ಲಫ್ ಎಂಬ ಊರಿನ ಕ್ವಾರ್ಟರ್ಸಿನಲ್ಲೇ ಉಳಿದರು.

ಹೊರಡುವ ದಿನ ಅವನು ಆಡಿದ್ದರಲ್ಲಿ ಹೆಚ್ಚಿನದು ಟೈರಿನ ಮಾತೇ. "ಒಂದೇ ಕಡೆ ನಿಂತ್ರೆ ಭಾರಕ್ಕೆ ಟೈರು ಚಪ್ಪಟೆಯಾಗುತ್ತೆ ಆಂಡಾಳು. ವಾರಕ್ಕೊಂದು ಸಲ ಯಾರನ್ನಾದ್ರೂ ಕರೆದು ಸ್ವಲ್ಪ ಮುಂದಕ್ಕೆ ತಳ್ಳಿಸು. ಗಾಳಿ ನೋಡೋದು ಬೆಳಿಗ್ಗೇನೇ, ಬಿಸಿಲೇರೋಕೆ ಮುಂಚೆ. ಈಗ ಹೊಸ ಟೈರು ದೇವರಾಣೆಗೂ ಸಿಗೋಲ್ಲ."

ಇಟ್ಟಿಗೆ ಕೊಟ್ಟು ಕಾರನ್ನು ಎತ್ತಿ ನಿಲ್ಲಿಸಿಬಿಡಿ ಎಂದು ಒಬ್ಬಿಬ್ಬರು ಹೇಳಿದರು. ಆಂಡಾಳ್ ಒಪ್ಪಲಿಲ್ಲ. ಚಕ್ರ ನೆಲಕ್ಕೆ ತಾಗದ ಕಾರು ಅಂಗಳದಲ್ಲಿದ್ದರೆ ಯಜಮಾನ ಇನ್ನು ಬರುವುದೇ ಇಲ್ಲವೇನೋ ಅನ್ನಿಸುತ್ತಿತ್ತು ಅವಳಿಗೆ. ಭಾನುವಾರ ಬಂದರೆ ಪಕ್ಕದ ಮನೆಯ ಬೆಟ್ಟಮ್ಮನನ್ನು ಕರೆದು ತಾನೇ ಸೆರಗು ಸಿಕ್ಕಿಸಿಕೊಂಡು ತಳ್ಳುತ್ತಿದ್ದಳು. ಆಮೇಲೆ ಕಾಲಲ್ಲಿ ಒತ್ತುವ ಪಂಪಿನಿಂದ ಗಾಳಿ ತುಂಬಿಸಿ, ಒಂದೊಂದು ಟೈರಿನ ಮೇಲೂ ಅಂಗೈ ಆಡಿಸಿ, ಬಿರುಕು ಬಿಟ್ಟಿದೆಯೇ, ಉಬ್ಬಿದೆಯೇ ಎಂದು ನೋಡುತ್ತಿದ್ದಳು. ಅವನೂ ಹೀಗೇ ಕೈಯಾಡಿಸುತ್ತಿದ್ದ. ಅವನ ಕೈ ಹೋದ ಕಡೆಯಲ್ಲೇ ತನ್ನ ಕೈ ಹೋಗುತ್ತಿದೆ ಅನ್ನಿಸಿದಾಗ ಒಂದಿಷ್ಟು ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡುವಳು.

ಬೆಟ್ಟಮ್ಮನೇ ಒಂದು ದಿನ ರೇಗಿದಳು. "ಅಲ್ಲ ಕಣಮ್ಮ, ನಿಮ್ ಯಜಮಾನ್ರು ಬರಗಂಟ ಇದ್ನ ಮುಂದ್ಕೂ ಇಂದ್ಕೂ ತಳ್ತಾನೇ ಇರ್ತೀರಾ? ಓಡ್ಸಾದ್ ಕಲ್ತ್ಕಬುಡಿ ಅತ್ಲಾಗೆ!"

ಇಲಾಖೆಯ ಜೀಪು ಓಡಿಸುವ ಚಲುವರಾಜು ಕಲಿಸಿಕೊಟ್ಟ. ಮಂಡ್ಯಕ್ಕೆ ಹೋಗಿ ಲೈಸೆನ್ಸೂ ತಂದಳು. ಗಂಡನಿಗೆ ಮಾತ್ರ ತಿಳಿಸಲಿಲ್ಲ, ಬಂದಾಗ ನೋಡಿ ಬೆರಗಾಗಲಿ ಎಂದು. ಯುಗಾದಿಗೆ ಬರುತ್ತೇನೆಂದಿದ್ದವನು ಬರಲಿಲ್ಲ. ಗೌರಿಹಬ್ಬಕ್ಕೂ ರಜೆ ಸಿಗಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಆಫೀಸಿನ ಜವಾನ ಸಿದ್ದರಾಜು ಏದುಸಿರು ಬಿಡುತ್ತಾ ಬಂದ.

"ಅಮ್ಮೋರೇ, ಟ್ರಂಕ್ ಕಾಲ್ ಬಂದಿತ್ತು. ಸಾಯೇಬ್ರು ನಾಳೆ ಬೆಂಗ್ಳೂರ್ ರೈಲಲ್ಲಿ ಮದ್ದೂರ್ಗೆ ಬತ್ತಾರಂತೆ!"

ಮಾರನೆಯ ಬೆಳಿಗ್ಗೆ ಅವಳು ತಲೆಗೆ ಎರೆದುಕೊಂಡು, ಹಸಿರು ಸೀರೆಯುಟ್ಟು, ಹಿಂದಿನ ಡಿಕ್ಕಿಯ ಸ್ಟೆಪ್ನಿಗೂ ಗಾಳಿ ನೋಡಿ ಹೊರಟಳು. ಮಳವಳ್ಳಿ ದಾಟಿತು. ದೊಡ್ಡಿ ಎಂಬ ಊರು ಇನ್ನೂ ಮುಂದಿದೆ ಅನ್ನುವಾಗ ಸ್ಟೀರಿಂಗು ಎಡಕ್ಕೆ ಎಳೆಯತೊಡಗಿತು. ಇಳಿದು ನೋಡಿದರೆ ಮುಂದಿನ ಎಡ ಟೈರು ಅರ್ಧ ಕುಸಿದಿದೆ, ಮುಟ್ಟಿದರೆ ಬಿಸಿ.

ಹಿಂದೆ ಬರುತ್ತಿದ್ದ ಕಬ್ಬಿನ ಗಾಡಿ ನಿಂತಿತು. ಗಾಡಿಯ ಕೆಂಪಯ್ಯ ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡ. "ಲಾಳದ್ ಮೊಳೆ ಕಣವ್ವ. ನಮ್ಮಂತೋರ್ ಎತ್ತಿಂದೇ. ಎಲ್ಲಿಗೋಯ್ತಿದ್ರಿ?"

"ಮದ್ದೂರಿಗೆ. ರೈಲಿಗೆ ನಮ್ಮನೆಯವರು ಬರ್ತಿದಾರೆ."

"ಅಂಗಾರೆ ಮೆಲ್ಲಕ್ ಓಡ್ಸ್ಕಂಡ್ ಓಗ್ಬುಡಿ. ಇನ್ನೂ ಗಾಳಿ ಅದೆಯಲ್ಲ."

ಅವಳಿಗೂ ಅದೇ ಆಸೆ. ಸ್ಟೇಷನ್ನಿನಲ್ಲಿ ಅವನು ಇಳಿಯುವುದು ಕಣ್ಣಿಗೆ ಕಟ್ಟಿತ್ತು. ಆದರೆ ಗಾಳಿಯಿಲ್ಲದ ಟೈರಿನಲ್ಲಿ ಹೋದರೆ ಮೊಳೆಯ ಒಂದು ತೂತು ಸಾಲದೆಂಬಂತೆ ಪಕ್ಕವೆಲ್ಲ ಅರೆದು ಹರಿದುಹೋಗುತ್ತದೆ. ಎದುರಿಗೆ ಲಾರಿ ಬಂದಾಗ ಸ್ಟೀರಿಂಗು ಮಾತು ಕೇಳದಿದ್ದರೆ? ಬಳೆಗಳನ್ನು ಮೇಲಕ್ಕೇರಿಸಿ ಜಾಕು ತೆಗೆದಳು.

ನಟ್ಟುಗಳು ತುಕ್ಕು ಹಿಡಿದು ಕೂತಿದ್ದವು. ಕೆಂಪಯ್ಯ ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಸಡಿಲಿಸಿಕೊಟ್ಟ. ಸ್ಟೆಪ್ನಿ ಏರಿಸಿ ಕೊನೆಯ ನಟ್ಟು ಬಿಗಿಯುತ್ತಿರುವಾಗ ಮದ್ದೂರಿನ ಕಡೆಯಿಂದ ಮಳವಳ್ಳಿ ಬಸ್ಸು ಬಂತು. ಕಿಟಕಿಯಲ್ಲಿ ಅವನು! ಬಡವಾಗಿದ್ದ, ಕಿವಿಯ ಹತ್ತಿರ ಕೂದಲು ನರೆತಿತ್ತು. ಕಾರನ್ನು ನೋಡಿದ. ಮಸಿ ಹತ್ತಿದ ಮುಖದ, ಸೆರಗು ಬಿಗಿದು ಕೂತ ಅವಳನ್ನೂ ನೋಡಿದ. ನೋಡಿ, ಯಾವುದೋ ಊರಿನ ಯಾವುದೋ ಹೆಂಗಸೆಂಬಂತೆ ಮುಖ ತಿರುಗಿಸಿದ. "ಏನೂಂದ್ರೆ!" ಅಂದಳು. ಬಸ್ಸಿನ ಸದ್ದಿನಲ್ಲಿ ಅದು ಅವಳಿಗೇ ಕೇಳಿಸಲಿಲ್ಲ.

"ಮಳವಳ್ಳೀಲಿ ನಿಲ್ತದೆ ಬುಡಿ, ಸಿಕ್ತಾರೆ" ಅಂದ ಕೆಂಪಯ್ಯ.

ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಅವನು ಬ್ಲಫ್ ಬಸ್ಸಿಗೆ ಕಾಯುತ್ತಾ ಟ್ರಂಕಿನ ಮೇಲೆ ಕೂತಿದ್ದ. ಫಿಯೆಟ್ಟು ಎದುರಿಗೇ ಬಂದು ನಿಂತಾಗ ಗಡಬಡಿಸಿ ಎದ್ದ.

"ಆಂಡಾಳು! ಯಾರು ಓಡಿಸಿದ್ದು?"

"ನಾನೇ."

ಅವನು ನಕ್ಕ. ಆ ನಗುವಿಗೆ ಅವಳು ಎಷ್ಟು ದಿನದಿಂದ ಕಾದಿದ್ದಳೋ. ಆಮೇಲೆ ಅವನು ಕಾರನ್ನು ಸುತ್ತಿಬಂದ, ಬಗ್ಗಿ ಟೈರುಗಳ ಮೇಲೆ ಅಂಗೈ ಆಡಿಸಿದ. ಅವಳು ಆ ಕೈಯನ್ನೇ ನೋಡುತ್ತಿದ್ದಳು.

"ತುಂಬಾ ಚೆನ್ನಾಗಿಟ್ಟಿದೀಯ."

"ದಾರೀಲಿ ನೀವು ನನ್ನನ್ನ ನೋಡಿದ್ರಿ" ಅಂದಳು ಅವಳು. "ಗುರುತು ಹಿಡೀಲಿಲ್ಲ."

ಅವನ ಕೈ ನಿಂತಿತು. "ಅದು ನೀನಾ? ನಮ್ಮ ಕಾರು ಮನೇಲೇ ನಿಂತಿದೆ ಅಂದ್ಕೊಂಡಿದ್ದೆ" ಅಂದ. ಎದ್ದು, ಜನರ ನಡುವೆಯೇ, ಜೇಬಿನ ಕರವಸ್ತ್ರದಿಂದ ಅವಳ ಕೆನ್ನೆಯ ಮಸಿ ಒರೆಸಿದ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಬೀದಿಯಲ್ಲಿ ಅವಳ ಕೈಯನ್ನೂ ಹಿಡಿದವನಲ್ಲ.

ಬ್ಲಫ್ ಕಡೆಗೆ ಹೊರಟಾಗ ಅವಳೇ ಓಡಿಸಿದಳು. ಭಾನುವಾರ ವಾಪಸು ಹೋಗಬೇಕು ಎಂದ ಅವನು. ಕೆಲಸ ಮುಗಿಯೋಕೆ ಇನ್ನೂ ಎರಡು ಮಳೆಗಾಲ.

"ನಾನೂ ಬರ್ತೀನಿ" ಅಂದಳು.

"ಮನೆ ಕೊಡಲಿ. ಕೊಟ್ಟ ಕೂಡಲೇ ಕರೆಸ್ಕೋತೀನಿ."

ಎರಡೂ ಬದಿ ಗದ್ದೆಗಳಲ್ಲಿ ಭತ್ತ ಬಲಿತು ಬಾಗಿತ್ತು. ಗಿಯರು ಇಳಿಸಿದಳು. ಹಿಂದಿನಿಂದ ಬಂದ ಬಸ್ಸು ಹಾರ್ನು ಬಾರಿಸಿ ಮುಂದೆ ಹೋಯಿತು. ಸೈಕಲ್ಲಿನವನೊಬ್ಬ ಕೂಡ ತಿರುತಿರುಗಿ ನೋಡುತ್ತಾ ದಾಟಿದ.

"ಯಾಕೆ ಇಷ್ಟು ನಿಧಾನ? ಟೈರು ಏನಾದ್ರೂ..."

"ಟೈರೆಲ್ಲ ಸರಿಯಾಗಿವೆ" ಎಂದಳು ಆಂಡಾಳ್, ಅಷ್ಟೇ ನಿಧಾನವಾಗಿ ಓಡಿಸುತ್ತಾ.