ಬದಲಾಯಿಸಿಟ್ಟ ಸಸಿ

ದರ್ಜಿಯ ಮನೆಯಲ್ಲಿ ಕೂಸು ತೀರಿಕೊಂಡು ಎರಡು ತಿಂಗಳಾಗಿತ್ತು. ಮೂರು ದಿನದ ಜ್ವರ, ಅಷ್ಟೇ. ಏಳು ವರ್ಷದ ಮಗಳಿಗೆ ಮಾತ್ರ "ತಮ್ಮ ದೊಡ್ಡಾಸ್ಪತ್ರೇಲಿದ್ದಾನೆ, ಬರ್ತಾನೆ" ಎಂದು ಹೇಳಿದ್ದರು. ಹೇಳಿದವರಿಗೆ ಸಮಾಧಾನವಾಯಿತು. ಹುಡುಗಿ ಮಾತು ಬಿಟ್ಟಳು, ಊಟ ಅರ್ಧಕ್ಕೇ ಬಿಟ್ಟಳು. ಶಾಲೆಯಿಂದ ಬಂದವಳೇ ಹೊಲಿಗೆ ಯಂತ್ರದ ಕೆಳಗೆ ನುಸುಳಿ ಬಟ್ಟೆ ಚೂರುಗಳ ನಡುವೆ ಕೂತುಬಿಡುತ್ತಿದ್ದಳು. ತಾಯಿ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವಳು ಏಳುತ್ತಲೇ ಇರಲಿಲ್ಲ.

ಮನೆಮನೆಗೆ ಬರುವ ನರ್ಸಮ್ಮ ಇದನ್ನು ನೋಡಿದರು.

"ಮನೇಲಿ ಒಂದು ಒಡಕು ಬಕೆಟ್ ಇದ್ಯಾ ಅಜ್ಜಿ? ಇವಳ ಕೈಲಿ ಬೀನ್ಸ್ ಬೀಜ ಹಾಕ್ಸೋಣ. ಐದಾರು ದಿನಕ್ಕೇ ಮೊಳಕೆ ಬರುತ್ತೆ. ಮಕ್ಕಳಿಗೆ ಬೇಗ ಬರೋದೇ ಆಗ್ಬೇಕು."

"ಮಗು ಊಟ ಬಿಟ್ಟು ಕೂತಿದೆ, ನೀನು ಮಣ್ಣು ಕೊಡ್ತೀಯಾ? ಒಳ್ಳೆ ಕಥೆ!" ಎಂದರು ಅಜ್ಜಿ.

"ಆಮೇಲೆ ಸೋಪಲ್ಲಿ ಕೈ ತೊಳಿಸಿ. ಮಣ್ಣು ಬಿಟ್ಟುಹೋಗುತ್ತೆ. ಮನಸ್ಸಲ್ಲಿ ಕೂತಿರೋದು ಅಷ್ಟು ಸುಲಭಕ್ಕೆ ಬಿಡಲ್ಲ."

ದರ್ಜಿ ಒಪ್ಪಿದ. ಆದರೆ ದರ್ಜಿ ಬುದ್ಧಿ ಎಲ್ಲಿ ಹೋಗುತ್ತದೆ? ಬಕೆಟ್ಟಿನ ತಳಕ್ಕೆ ತಾನೇ ತೂತು ಕೊರೆದ, ತಾನೇ ಮಣ್ಣು ತುಂಬಿದ, ಅಳತೆ ಟೇಪು ಹಿಡಿದು ಸಾಲು ಗುರುತಿಸಿ ತಾನೇ ಬೀಜ ಹಾಕಿದ. ಮಗಳಿಗೆ "ದೂರ ನಿಂತು ನೋಡು" ಎಂದ. ಅವಳು ನೋಡಲಿಲ್ಲ, ಯಂತ್ರದ ಕೆಳಗೆ ಹೋದಳು.

ಮಾರನೆಯ ದಿನ ಬಂದ ನರ್ಸಮ್ಮ ತಲೆ ಚಚ್ಚಿಕೊಂಡರು. "ಇದು ನಿಮ್ಮ ತೋಟ ಆಯ್ತು ಕಣಪ್ಪಾ. ಅವಳ ಕೈಗೆ ಕೊಡಿ. ಸಾಲು ಸೊಟ್ಟ ಬಂದ್ರೆ ಬರ್ಲಿ." ಬಕೆಟ್ ಅಲ್ಲೇ ಮಗುಚಿದರು.

ಈ ಸಲ ಹುಡುಗಿಯೇ ಮಣ್ಣು ತುಂಬಿ, ನೆನೆಸಿದ ಬೀಜಗಳನ್ನು ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಒತ್ತಿದಳು. ಆರನೆಯ ದಿನ ಒಂದೇ ಒಂದು ಸಸಿ ಎದ್ದಿತು. ಅವಳು ಅದಕ್ಕೆ ಸಡಿಲವಾಗಿ ಕೆಂಪು ದಾರ ಸುತ್ತಿದಳು. ಅಜ್ಜಿಯ ಕೈ ಹಿಡಿದು ಎಳೆತಂದು ತೋರಿಸಿದಳು. ಅಂದು ತಟ್ಟೆ ಖಾಲಿಯಾಯಿತು. ಪ್ರೀತಿ ಉಕ್ಕಿ ಹೊತ್ತುಹೊತ್ತಿಗೂ ಚೊಂಬುಗಟ್ಟಲೆ ನೀರು ಸುರಿದಳು. ನಾಲ್ಕೇ ದಿನಕ್ಕೆ ಬುಡ ಕೊಳೆತು ಸಸಿ ನೆಲಕ್ಕೊರಗಿತು.

ಅವಳು ಶಾಲೆಯಲ್ಲಿದ್ದಾಗ ದರ್ಜಿ ಅದನ್ನು ಕಂಡ. ಇನ್ನೊಂದು ಸಾವನ್ನು ಮಗಳ ಮುಂದಿಡುವ ಧೈರ್ಯ ಅವನಿಗೆ ಬರಲಿಲ್ಲ. ಪಕ್ಕದ ಮನೆಯಿಂದ ಅಂಥದೇ ಸಸಿ ಬೇಡಿ ತಂದು ನೆಟ್ಟ. ಸತ್ತದ್ದನ್ನು ಕಸದ ಬುಟ್ಟಿಗೆ ಹಾಕಿ ಮೇಲೆ ಬಟ್ಟೆ ಚೂರು ಮುಚ್ಚಿದ. ಅವನನ್ನು ಬೈಯೋಣ ಅನಿಸುತ್ತದೆ. ಆದರೆ ನಮ್ಮಲ್ಲಿ ಇಂಥದ್ದನ್ನು ಮಾಡದವರು ಯಾರಿದ್ದೇವೆ?

ಹುಡುಗಿ ಬೆನ್ನಿನ ಚೀಲವನ್ನೂ ಇಳಿಸದೆ ಬಕೆಟ್ ಮುಂದೆ ಕೂತಳು.

"ಇದು ನಂದಲ್ಲ. ದಾರ ಇಲ್ಲ."

"ನಿಂದೇ ಕಣೇ. ದಾರ ಎಲ್ಲೋ ಬಿದ್ದಿರ್ಬೇಕು" ಎಂದ ದರ್ಜಿ, ಯಂತ್ರ ತುಳಿಯುತ್ತಲೇ.

ಅವಳು ಅಪ್ಪನ ಮುಖ ನೋಡಿದಳು. ಎದ್ದು ಬುಟ್ಟಿಗೆ ಕೈಹಾಕಿ, ಚೂರುಗಳನ್ನು ಸರಿಸಿ, ಸತ್ತ ಸಸಿಯನ್ನು ಎತ್ತಿದಳು.

"ತಮ್ಮನ್ನೂ ಹೀಗೇ ಮುಚ್ಚಿಟ್ರಾ?"

ಯಂತ್ರ ನಿಂತಿತು. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದರು. ಉತ್ತರ ಒಳಕೋಣೆಯ ಬಾಗಿಲಿನಿಂದ ಬಂತು. ತಾಯಿ ಚೌಕಟ್ಟು ಹಿಡಿದು ನಿಂತಿದ್ದಳು.

"ತಮ್ಮ ಸತ್ತುಹೋದ, ಮಗಳೇ. ಇನ್ನು ಬರಲ್ಲ."

"ನಾನು ಜಾಸ್ತಿ ಎತ್ಕೊಂಡಿದ್ದಕ್ಕಾ?"

ಎರಡು ತಿಂಗಳಿಂದ ಆ ಮಗು ಒಬ್ಬಳೇ ಹೊತ್ತಿದ್ದುದು ಇದನ್ನು. ಯಾರೂ ಕೇಳಿರಲಿಲ್ಲ.

"ಅಲ್ಲಮ್ಮಾ, ಅಲ್ಲ. ಅವನಿಗೆ ಜ್ವರ ಬಂತು. ನೀನು ಎತ್ಕೊಂಡಾಗೆಲ್ಲ ನಗ್ತಾ ಇದ್ದ." ತಾಯಿ ನೆಲಕ್ಕೆ ಕುಸಿದು ಮಗಳನ್ನು ಅಪ್ಪಿಕೊಂಡಳು. ಇಬ್ಬರೂ ಗಟ್ಟಿಯಾಗಿ ಅತ್ತರು. ದರ್ಜಿಯೂ ಅತ್ತ.

ಮಾರನೆಯ ದಿನ ಬೀಜ ನೆನೆಸಿಟ್ಟವರು ಅಜ್ಜಿ. "ಮಣ್ಣಿಗೆ ಬೆರಳಿಟ್ಟು ನೋಡು. ಒಣಗಿದ್ರೆ ಮಾತ್ರ ನೀರು" ಎಂದು ನರ್ಸಮ್ಮ ಹುಡುಗಿಗೆ ಹೇಳಿಕೊಟ್ಟರು.

ಕೇಳುತ್ತಿರುವ ತಂದೆ ತಾಯಂದಿರೇ, ಹಳೆಯ ಡಬ್ಬವಾದರೂ ಸರಿ, ತಳಕ್ಕೆ ತೂತು ಮಾಡಿ ಬಿಸಿಲು ಬೀಳುವ ಕಡೆ ಇಡಿ. ಬೀಜವನ್ನು ಮಗುವಿನ ಕೈಗೇ ಕೊಡಿ, ನೀವು ಕೈ ಕಟ್ಟಿಕೊಂಡು ಕೂತಿರಿ. ಗಿಡ ಸತ್ತರೆ ಕದ್ದು ಬೇರೆ ನೆಡಬೇಡಿ. ಪಕ್ಕದಲ್ಲಿ ಕೂತು, ಸತ್ತಿದೆ ಎಂದು ಹೇಳಿ. ಯಾಕೆ ಸತ್ತಿತು ಎಂದೂ ಹೇಳಿ. ಹೇಳಿದ ಕೂಡಲೇ ಏಳಬೇಡಿ. ನಿಮ್ಮ ಮಗು ಇನ್ನೊಂದು ಪ್ರಶ್ನೆ ಕೇಳಲು ಎಷ್ಟು ದಿನದಿಂದ ಕಾದಿದೆಯೋ, ನಿಮಗೆ ಗೊತ್ತಿಲ್ಲ.