ನೂರ ಎಪ್ಪತ್ತೆಂಟನೇ ನಂಬರಿನ ಜೆಟ್

ಮೊಳೆಗೆ ತೂಗುಹಾಕಿದ್ದ ಹೆಡ್‌ಫೋನನ್ನು ತಲೆಗೇರಿಸಿಕೊಂಡವಳು ಪಟ್ಟಿ ಸರಿಮಾಡಲು ಕೈಯೆತ್ತಿ ಹಾಗೆಯೇ ನಿಂತಳು. ಸರಿಮಾಡುವಂಥದ್ದೇನೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಅವಳು ಬಿಟ್ಟುಹೋದ ಮೂರನೇ ಕಚ್ಚಿನಲ್ಲೇ ಪಟ್ಟಿ ಕೂತಿತ್ತು.

“ಯಾರೂ ಹಾಕ್ಕೊಂಡೇ ಇಲ್ವಾ ಇದನ್ನ?”

“ಯಾರಿದ್ದಾರೆ ಹಾಕ್ಕೊಳ್ಳೋಕೆ?” ಎಂದ ಮೇಸ್ತ್ರಿ. ಬೈಕನ್ನು ನೆಲಕ್ಕೆ ಕಟ್ಟಿದ್ದ, ಬಿಗಿಯಾಗಿಯೇ ಇದ್ದ ಬೆಲ್ಟನ್ನು ಅವನು ಮತ್ತೆ ಬಿಗಿಯುತ್ತಿದ್ದ.

ಹಾಡು ಕೇಳುವ ಹೆಡ್‌ಫೋನ್ ಅಲ್ಲ ಅದು. ಎರಡು ಕಿವಿಮುಚ್ಚಳ, ಅವಕ್ಕೊಂದು ರಬ್ಬರ್ ಕೊಳವೆ, ಕೊಳವೆಯ ತುದಿಗೆ ತಾಮ್ರದ ನಳಿಗೆ. ನಳಿಗೆಯ ತುದಿಯನ್ನು ಚಪ್ಪಟೆಯಾಗಿ ಬಡಿದು ಎಂಜಿನ್ನಿನ ತಲೆಗೆ ಬೋಲ್ಟ್ ಹಾಕಿ ಕೂರಿಸಿದರೆ ಒಳಗಿನ ಗುಟ್ಟೆಲ್ಲ ಕಿವಿಗೆ ಬರುತ್ತದೆ. ಪೆಟ್ರೋಲು ಸಾಲದೆ ಹೋದಾಗ ಬೆಂಕಿ ಹೊತ್ತು ಗೊತ್ತಿಲ್ಲದೆ ಹತ್ತಿಕೊಂಡು, ಗಾಜಿನ ಶೀಷೆಯಲ್ಲಿ ಮೊಳೆ ಅಲ್ಲಾಡಿಸಿದಂತೆ ಟಿಣ್ ಟಿಣ್ ಎನ್ನುತ್ತದೆ. ಅದನ್ನು ಕೇಳಿಸಿಕೊಳ್ಳದೆ ಓಡಿಸಿದರೆ ಪಿಸ್ಟನ್ ಕರಗಿ ತೂತು ಬೀಳುತ್ತದೆ. ಮೇಸ್ತ್ರಿಯ ಕಿವಿಗೆ ಆ ಸದ್ದು ಬೀಳುವುದು ಎಂದೋ ನಿಂತಿತ್ತು. ಮೂವತ್ತು ವರ್ಷ ಟೂ-ಸ್ಟ್ರೋಕ್ ಎಂಜಿನ್ನಿನ ಪಕ್ಕದಲ್ಲಿ ಬರಿಗಿವಿಯಲ್ಲಿ ನಿಂತವನಿಗೆ ಇನ್ನೇನಾಗುತ್ತದೆ? ಹತ್ತಿ ಇಟ್ಕೊಳ್ಳಿ ಎಂದು ಅವಳು ಬಡಕೊಂಡದ್ದೇ ಬಂತು. ಹೇಳಿದ್ದು ಕೇಳುವ ಆಸಾಮಿಯಲ್ಲ.

“ಏನ್ ಮೇಸ್ತ್ರಿ, ಯಾರ ಗಾಡಿ ಇದು?”

ಮೇಸ್ತ್ರಿ! ಊರವರೆಲ್ಲ ಹಾಗೆಯೇ ಕರೆಯುತ್ತಿದ್ದರು, ಅವನಿಗೇನೂ ಅನ್ನಿಸುತ್ತಿರಲಿಲ್ಲ. ಹದಿನಾರು ವರ್ಷ ‘ರೀ’ ಎಂದ ಬಾಯಿಂದ ಬಂದಾಗ ಮಾತ್ರ ಅವನ ಕೈ ಬೆಲ್ಟಿನ ಮೇಲೆ ನಿಂತಿತು.

“ಹಲ್ಲಿನ ಡಾಕ್ಟರದ್ದು. ಐನೂರು ಸಿಸಿ. ಭಾನುವಾರ ದಿಬ್ಬ ಹಾರೋ ರೇಸ್ ಇದೆ.”

“ವಾರವೆಲ್ಲ ಊರವರ ಹಲ್ಲು ಕಿತ್ತು, ಭಾನುವಾರ ತನ್ನದನ್ನ ಮುರ್ಕೊಳ್ಳೋನು. ಇನ್ನೂ ಬದುಕಿದ್ದಾನಾ?” ಎಂದು ಅವಳು ನಕ್ಕಳು. ಆ ನಗುವಿಗೆ ಅವನ ಕೈಯಲ್ಲಿದ್ದ ಸ್ಪ್ಯಾನರ್ ಜಾರಿತು.

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದ್ದರೂ ಸರಿ, ಹೇಳಿಬಿಡೋಣ. ಬೈಕ್ ಬೆಳಿಗ್ಗೆಯೇ ಸರಿಯಾಗಿತ್ತು. ಕಾರ್ಬ್ಯುರೇಟರಿನ ಹೊಟ್ಟೆಯಲ್ಲಿ ಕೂರುವ ಜೆಟ್ ಎಂಬ ಹಿತ್ತಾಳೆಯ ತುಣುಕಿನಲ್ಲೊಂದು ತೂತು, ಅದರ ಮೇಲೊಂದು ನಂಬರು. ನಂಬರು ದೊಡ್ಡದಾದಷ್ಟೂ ಪೆಟ್ರೋಲು ಹೆಚ್ಚು. ಈ ಎಂಜಿನ್ನಿಗೆ ನೂರ ಎಪ್ಪತ್ತೆಂಟೇ ಸರಿ ಎಂದು ಮೇಸ್ತ್ರಿ ಹನ್ನೊಂದು ಗಂಟೆಯೊಳಗೆ ಕಂಡುಕೊಂಡಿದ್ದ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ತುದಿ ಕಾಫಿಬಣ್ಣಕ್ಕೆ ತಿರುಗಿತ್ತು. ಅದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆಮೇಲೆ ಅರ್ಧ ಗಂಟೆ ಫೋನನ್ನೇ ನೋಡುತ್ತ ಕೂತ. ಎದ್ದು ಆ ಜೆಟ್ಟನ್ನು ತೆಗೆದು ಜೇಬಿಗಿಟ್ಟ. ನೂರ ಎಪ್ಪತ್ತರದ್ದನ್ನು ಹಾಕಿದ. ಹೊಸ ಪ್ಲಗ್ ತೊಡಿಸಿದ. ಅವಳಿಗೆ ಫೋನ್ ಮಾಡಿ, “ಕಿವಿ ಕೇಳ್ತಿಲ್ಲ ಕಣೆ, ಒಂದ್ಸಲ ಬಂದು ಹೋಗು” ಎಂದ.

ಕಿವಿಯ ಮಾತು ಸುಳ್ಳಲ್ಲ. ಆದರೆ ಸರಿಯಿದ್ದ ಎಂಜಿನ್ನನ್ನು ಬೇಕೆಂದೇ ಹಾಳುಮಾಡುವವನನ್ನು ಅವನೇ ಹಿಂದೆಲ್ಲ ಸ್ಪ್ಯಾನರ್ ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದ. ನೂರ ಎಪ್ಪತ್ತು, ಎಪ್ಪತ್ತೆರಡು, ಎಪ್ಪತ್ತೈದು. ಒಂದೊಂದಕ್ಕೂ ಒಂದು ಓಟ, ನಡುವೆ ಎಂಜಿನ್ ಆರಲು ಇಪ್ಪತ್ತು ನಿಮಿಷ. ಅಂತೂ ಒಂದೂವರೆ ಗಂಟೆ ಅವಳು ಈ ಕೋಣೆಯಲ್ಲಿರುತ್ತಾಳೆ. ಅವನಿಗೆ ಬೇಕಾಗಿದ್ದುದು ಅಷ್ಟೇ.

ಅವನು ಬೈಕ್ ಹತ್ತಿ ಕಿಕ್ ಹೊಡೆದ. ಮೂರನೆಯ ಏಟಿಗೆ ಎಂಜಿನ್ ಕಿರುಚಿತು, ನೀಲಿ ಹೊಗೆ ಎದ್ದಿತು. ಹಿಂದಿನ ಚಕ್ರದಡಿ ಡೈನೋ ಯಂತ್ರದ ಕಬ್ಬಿಣದ ಉರುಳೆ ತಿರುಗತೊಡಗಿತು. ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ಓಡಿದರೂ ಇದ್ದಲ್ಲೇ ಇರುವ ಓಟ ಅದು. ಎಂಜಿನ್ನಿಗೆ ಎಷ್ಟು ಕಸುವಿದೆ ಎಂಬುದನ್ನು ಪಕ್ಕದ ಕಂಪ್ಯೂಟರ್ ಗೆರೆ ಎಳೆದು ತೋರಿಸುತ್ತದೆ. ಅವಳು ಕಣ್ಣು ಮುಚ್ಚಿ ನಿಂತಿದ್ದಳು. ಮೀಟರ್ ನೋಡಬೇಕಾದವನು ಅವಳ ಮುಖ ನೋಡಿದ. ಕಿವಿಯ ಮೇಲೆ ಒಂದು ಎಳೆ ಕೂದಲು ಬೆಳ್ಳಗಾಗಿತ್ತು. ಈಗ ಹೊಲಿಗೆಯಂತ್ರ ರಿಪೇರಿ ಮಾಡುತ್ತಾಳೆಂದು ಯಾರೋ ಹೇಳಿದ್ದರು. ಬೆರಳ ಸಂದಿಯಲ್ಲಿ ಸಣ್ಣ ಎಣ್ಣೆಯ ಕಲೆಯಿತ್ತು. ಥ್ರಾಟಲ್ ಪೂರ್ತಿ ತಿರುಗಿಸಿದ. ಅವಳು ಫಕ್ಕನೆ ಕಣ್ಣು ಬಿಟ್ಟು ಮುಷ್ಟಿಯೆತ್ತಿದಳು, ನಿಲ್ಲಿಸಿ ಎಂದು. ಅವನಿನ್ನೂ ನೋಡುತ್ತಲೇ ಇದ್ದುದರಿಂದ ಓಡಿಬಂದು ಹ್ಯಾಂಡಲಿನ ಕೆಂಪು ಗುಂಡಿಯನ್ನು ತಾನೇ ಅದುಮಿದಳು. ಆ ಗದ್ದಲದಲ್ಲಿ ಅವಳು ಕೂಗಿದ್ದು ಕೇಳಿಸಲಿಲ್ಲ. ತುಟಿ ಮಾತ್ರ ಕಂಡಿತು. ‘ರೀ’ ಎಂದಿತ್ತು.

ಸದ್ದಡಗಿದ ಮೇಲೆ ಅವಳು ಮತ್ತೆ ಹೊರಗಿನವಳಾದಳು. “ಟಿಣ್ ಅಂತಿದೆ ಮೇಸ್ತ್ರಿ, ಪಿಸ್ಟನ್ ಜೀವ ತಿಂತಿದೆ. ಇಷ್ಟು ಚಿಕ್ಕ ಜೆಟ್ ಯಾಕೆ ಹಾಕಿದ್ರಿ?”

“ನೋಡೋಣ, ಇನ್ನೊಂದು ಹಾಕಿ ಇನ್ನೊಂದ್ಸಲ...”

ಆಡಬಾರದ ಮಾತು ಬಾಯಿಗೆ ಬಂದುಬಿಟ್ಟಿತ್ತು. ಅವಳು ಮುಖ ತಿರುಗಿಸಿ ಸಾಮಾನಿನ ಮೇಜಿನತ್ತ ನೋಡಿದಳು.

ಐದು ವರ್ಷದ ಹಿಂದೆ ಒಂದು ಸಂಜೆ ಇದೇ ಮೇಜಿನ ಮೇಲೆ ಅವಳ ಫೋನಿತ್ತು. ಅವಳ ತಾಯಿ ಆಸ್ಪತ್ರೆಯಲ್ಲಿದ್ದರು. ಇವಳು ಕಿವಿ ಮುಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಕಂಪ್ಯೂಟರಿನ ಗೆರೆ ಎಂದೂ ಏರದಷ್ಟು ಏರುತ್ತಿತ್ತು. ಮೇಸ್ತ್ರಿ ಬೆರಳೆತ್ತಿ ‘ಇನ್ನೊಂದ್ಸಲ’ ಎಂದಿದ್ದ, ಆಮೇಲೆ ‘ಇನ್ನೊಂದೇ ಸಲ’. ಅವಳು ಹೆಡ್‌ಫೋನ್ ತೆಗೆಯುವ ಹೊತ್ತಿಗೆ ಆರು ಕರೆ ಬಂದು ಹೋಗಿದ್ದವು. ಮಗಳು ಬಂದಳಾ ಎಂದು ಕೇಳುತ್ತಲೇ ಆ ತಾಯಿ ಕಣ್ಣು ಮುಚ್ಚಿದ್ದರು.

ಎಪ್ಪತ್ತೆರಡರದ್ದು ಹಾಕಿದರೂ ಟಿಣ್ ಎಂದಿತು. ಎಂಜಿನ್ ಆರಲೆಂದು ದೊಡ್ಡ ಫ್ಯಾನ್ ತಿರುಗುತ್ತಿತ್ತು. ಅವನು ಸ್ಟೂಲನ್ನು ಒರೆಸಿ ಮುಂದೆ ತಳ್ಳಿದ. ಅವಳು ಕೂರಲಿಲ್ಲ. ಎಂದಿನ ಚಾಳಿಯಂತೆ ಮೇಜಿನ ಮೇಲೆ ಚೆಲ್ಲಾಡಿದ್ದ ಸಾಮಾನನ್ನು ಓರಣ ಮಾಡತೊಡಗಿದಳು. ಮೇಸ್ತ್ರಿಗೆ ಎಷ್ಟು ಹಾಯೆನಿಸಿತೆಂದರೆ, ಎಂಜಿನ್ ನಾಳೆಯವರೆಗೂ ಆರದಿರಲಿ ಎಂದುಕೊಂಡ. ಅಷ್ಟರಲ್ಲಿ ಬಟ್ಟೆಯ ಚೂರಿನಡಿಯಿಂದ ಅವಳೊಂದು ಪ್ಲಗ್ ಎತ್ತಿ ಬೆಳಕಿಗೆ ಹಿಡಿದಳು.

“ಇದು ಈ ಗಾಡಿದೇ ತಾನೆ?”

ಅವನು ಫ್ಯಾನನ್ನು ಎಂಜಿನ್ನಿನತ್ತ ಇನ್ನಷ್ಟು ತಿರುಗಿಸಿದ.

“ಕಾಫಿಬಣ್ಣ. ಮೂಸಿದ್ರೆ ಇವತ್ತಿನ ಎಣ್ಣೆ ವಾಸನೆ.” ಅವಳು ಜೆಟ್ಟಿನ ಡಬ್ಬಿ ತೆರೆದಳು. ನಂಬರಿನಂತೆ ಸಾಲಾಗಿ ಕೂತಿದ್ದವು. ನೂರ ಎಪ್ಪತ್ತೆಂಟರ ಗುಳಿ ಮಾತ್ರ ಖಾಲಿ. ಅಂಗೈ ಚಾಚಿದಳು. “ಕೊಡಿ.”

ಮೇಸ್ತ್ರಿ ಜೇಬಿನಿಂದ ತೆಗೆದು ಕೊಟ್ಟ. ಹಿತ್ತಾಳೆ ಮೈಶಾಖಕ್ಕೆ ಬೆಚ್ಚಗಾಗಿತ್ತು.

“ನನ್ನನ್ನ ಕರೆಸ್ಕೊಳ್ಳೋಕೆ ಡಾಕ್ಟರ ಪಿಸ್ಟನ್ ಸುಡ್ತಿದ್ರಾ? ಭಾನುವಾರ ಹಾರೋವಾಗ ಎಂಜಿನ್ ಹಿಡ್ಕೊಂಡು ನಿಂತುಬಿಟ್ಟಿದ್ರೆ ಅವನ ಗತಿ ಏನಾಗ್ತಿತ್ತು? ಬುದ್ಧಿ ಗಿದ್ಧಿ ಇದೆಯಾ ನಿಮಗೆ?”

“ಮೂರು ಓಟ ಆದ್ಮೇಲೆ ಸರಿಯಾದ್ದು ಹಾಕೋನೇ ಇದ್ದೆ. ಸ್ವಲ್ಪ ಹೊತ್ತು ಇರ್ತೀಯಲ್ಲ ಅಂತ...” ಇನ್ನು ಮುಚ್ಚಿಟ್ಟು ಮಾಡುವುದೇನು ಎನ್ನಿಸಿತು. “ಅವತ್ತು ನಿನ್ನ ಫೋನ್ ಹೊಳೆದದ್ದು ನಾನು ನೋಡಿದ್ದೆ. ಮೊದಲ್ನೇ ಸಲವೇ ನೋಡಿದ್ದೆ. ನೋಡಿನೂ ಎಂಜಿನ್ ನಿಲ್ಲಿಸ್ಲಿಲ್ಲ.”

“ಗೊತ್ತು.”

“ಗೊತ್ತಾ? ಯಾವಾಗಿಂದ?”

“ಅವತ್ತಿಂದಾನೇ. ಬೈಕ್ ಮೇಲೆ ಕೂತ್ರೆ ನಿಮ್ಮ ಕಣ್ಣೆದುರಿಗೇ ಈ ಮೇಜು. ಕಾಣದೆ ಇರುತ್ತಾ?” ಅವಳು ಕೂತು, ಕಾರ್ಬ್ಯುರೇಟರ್ ಬಿಚ್ಚಿ, ಎರಡೇ ನಿಮಿಷದಲ್ಲಿ ಜೆಟ್ ತಿರುಗಿಸಿ ಕೂರಿಸಿದಳು. ತಲೆಯೆತ್ತದೆಯೇ ಹೇಳಿದಳು: “ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಒಂದು ವರ್ಷ ಕಾದೆ. ಆಮೇಲೆ ಹೋದೆ.”

ಅವನು ಬೈಕ್ ಹತ್ತಿದ. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ; ಕಿಟಕಿಯಾಚೆ ನೋಡುತ್ತ ಕೇಳಿದಳು. ಗೆರೆ ನೆಟ್ಟಗೆ ಏರಿ ದುಂಡಗೆ ಇಳಿಯಿತು. ಅವನ ಬೆರಳೂ ಏಳಲಿಲ್ಲ, ಅವಳ ಮುಷ್ಟಿಯೂ ಏಳಲಿಲ್ಲ.

“ಸರಿ ಇದೆ,” ಎಂದಳು.

ಇನ್ನೊಂದ್ಸಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಅವಳು ಒಂದು ಗಳಿಗೆ ಅವನನ್ನೇ ನೋಡಿದಳು. ಹೆಡ್‌ಫೋನ್ ತೆಗೆದು, ಎರಡೂ ಕಡೆ ಎಳೆದು, ಪಟ್ಟಿಯನ್ನು ಕೊನೆಯ ಕಚ್ಚಿನವರೆಗೂ ಸಡಿಲಿಸಿದಳು.

“ನಿಮ್ಮ ತಲೆ ದೊಡ್ಡದು. ಇನ್ಮೇಲೆ ನೀವೇ ಹಾಕ್ಕೊಳ್ಳಿ. ಕೇಳಿಸದಿದ್ರೂ ಉಳಿದಿರೋ ಕಿವಿನಾದ್ರೂ ಉಳಿಯುತ್ತೆ.”

ಚೀಲ ಹೆಗಲಿಗೇರಿಸಿ ಹೊರಟಳು. ಬಾಗಿಲು ಮುಚ್ಚಿದ ಸದ್ದು ಅವನಿಗೆ ಕೇಳಿಸಲಿಲ್ಲ; ನೆಲದ ಮೇಲಿದ್ದ ಬಿಸಿಲಿನ ಪಟ್ಟೆ ಕಿರಿದಾಗಿ ಇಲ್ಲವಾದದ್ದು ಕಂಡಿತು.

ತುಂಬ ಹೊತ್ತಾದ ಮೇಲೆ ಮೇಸ್ತ್ರಿ ಬೈಕಿನಿಂದ ಇಳಿದ. ಹೆಡ್‌ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಪಟ್ಟಿಯನ್ನು ಒಂದೊಂದೇ ಕಚ್ಚು ಒಳಕ್ಕೆ ನೂಕುತ್ತ ಬಂದ. ಪ್ರತಿ ಕಚ್ಚೂ ಬೆರಳಿಗೆ ಸಣ್ಣಗೆ ತಾಕಿತು. ಮೂರನೆಯದಕ್ಕೆ ನಿಲ್ಲಿಸಿ, ಮೊಳೆಗೆ ತೂಗುಹಾಕಿದ.