ತಕ್ಕಡಿ ಅಂಗಡಿ ಸೇರಿದ ಗುಂಡು

ತಕ್ಕಡಿ ರಿಪೇರಿ ಮಾಡುವ ಮೇಸ್ತ್ರಿಯ ಅಂಗಡಿಗೆ ಅವನ ಮಗಳ ಕಬ್ಬಿಣದ ಗುಂಡು ಬಂದು ಕೂತು ಇಪ್ಪತ್ತು ದಿನವಾಗಿತ್ತು. ನಾಲ್ಕು ಕಿಲೋ ತೂಗುವ ಗುಂಡು. ಮಗಳು ಶಾಲೆಯ ಮೈದಾನದಲ್ಲಿ ಗುಂಡು ಎಸೆತದ ಆಟಕ್ಕೆ ಅದನ್ನು ಬಳಸುತ್ತಿದ್ದಳು. ಈಗ ಮೇಸ್ತ್ರಿ ಅದನ್ನು ರಿಪೇರಿಗೆ ಬಂದ ತಕ್ಕಡಿಗಳ ಮೇಲಿಟ್ಟು, ತೂಕ ಸರಿ ತೋರಿಸುತ್ತದೆಯೇ ಎಂದು ನೋಡುತ್ತಿದ್ದ. "ಮನೇಲಿದ್ರೆ ಓದು ಹಾಳು, ಇಲ್ಲಿದ್ರೆ ಕೆಲಸಕ್ಕಾದ್ರೂ ಬರುತ್ತೆ" ಎಂದು ಹೆಂಡತಿಗೆ ಹೇಳಿದ್ದ. ತಾನು ಭಾರೀ ಜಾಣತನದ ಕೆಲಸ ಮಾಡಿದೆನೆಂದೇ ಅವನ ಎಣಿಕೆ.

ಮಗಳಿಗೆ ಹದಿನೇಳು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಆದರೂ ಮನೆಯಲ್ಲಿ ಕರೆಯುವುದು ಪುಟ್ಟಿ ಎಂದೇ. ಓದಿನಲ್ಲಿ ಪುಟ್ಟಿ ಮೊದಲ ಸಾಲಿನವಳೂ ಅಲ್ಲ, ಕೊನೆಯ ಸಾಲಿನವಳೂ ಅಲ್ಲ. ಕಾಲೇಜು ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕಿತ್ತು, ಅದಕ್ಕಿನ್ನು ಐದು ವಾರ. ಮೇಲಿನ ಮನೆಯ ಟೈಲರ್ ಮಗ ಹೋದ ವರ್ಷ ಅದೇ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೊಂದು ತೆಗೆದಿದ್ದ. ಟೈಲರ್ ಅದನ್ನು ಮೆಟ್ಟಿಲು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಹೇಳುತ್ತಿದ್ದ. ಕೇಳಿ ಕೇಳಿ ಹೆದರಿದ ಮೇಸ್ತ್ರಿ ಮಗಳ ಆಟ ನಿಲ್ಲಿಸಿದ. ದಿನಕ್ಕೊಂದು ಮಾದರಿ ಪರೀಕ್ಷೆ ಎಂದು ಕಟ್ಟಳೆ ಮಾಡಿದ. ಬಂದ ಅಂಕವನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾ ಬಂದ.

ಮೊದಲ ದಿನ ಐವತ್ನಾಲ್ಕು. ವಾರ ಕಳೆದ ಮೇಲೆ ಐವತ್ತೊಂದು. ಆಮೇಲೆ ನಲವತ್ತೊಂಬತ್ತು. ನಿನ್ನೆ ನಲವತ್ತಾರು. ಇವತ್ತು ಬೆಳಿಗ್ಗೆ ಪುಟ್ಟಿ ಬ್ರೆಡ್ಡಿನ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿ, "ನಾನು ಪರೀಕ್ಷೆ ಬರೆಯಲ್ಲ ಅಪ್ಪಾ" ಎಂದುಬಿಟ್ಟಳು. ಜಗಳವಾಡಲಿಲ್ಲ, ಅಳಲಿಲ್ಲ. ಅದಕ್ಕೇ ಮೇಸ್ತ್ರಿಗೆ ಹೆಚ್ಚು ಭಯವಾಗಿದ್ದು.

ಆ ದಿನ ಮಧ್ಯಾಹ್ನ ಅಂಗಡಿಗೆ ಫಾರಂ ಅಕ್ಕ ಬಂದರು. ಆಕೆ ಊರಿನ ಒಂದು ಕಾಲೇಜಿನ ಪ್ರವೇಶ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುವವರು. ವರ್ಷಕ್ಕೆ ಸಾವಿರಾರು ಮಕ್ಕಳ ಅರ್ಜಿ ಫಾರಂ ಅವರ ಕೈ ದಾಟಿ ಹೋಗುವುದರಿಂದ ಬೀದಿಯವರೆಲ್ಲ ಇಟ್ಟ ಹೆಸರು ಅದು. ಆಫೀಸಿನಲ್ಲಿ ಅಂಚೆ ಕಟ್ಟುಗಳನ್ನು ತೂಗುವ ತಕ್ಕಡಿ ಕೆಟ್ಟು, ರಿಪೇರಿಗೆ ಕೊಟ್ಟಿದ್ದರು.

"ಆಯ್ತಾ ಮೇಸ್ತ್ರಿ ನಮ್ಮ ತಕ್ಕಡಿ?"

"ಆಯ್ತು ಅಕ್ಕಾ. ಆದ್ರೆ ನಿಮ್ಮ ಆಫೀಸ್ನೋರಿಗೆ ಸ್ವಲ್ಪ ಬುದ್ಧಿ ಹೇಳಿ. ಹಗಲೂ ರಾತ್ರಿ ಇದರ ಮೇಲೆ ಫೈಲ್ ಪೇರಿಸಿ ಇಟ್ಟಿದ್ದಾರೆ. ಯಾವಾಗ್ಲೂ ಭಾರ ಹೊತ್ಕೊಂಡೇ ಇದ್ರೆ ತಕ್ಕಡಿಗೂ ಸುಸ್ತಾಗುತ್ತೆ. ಆಮೇಲೆ ಸೊನ್ನೆಗೆ ವಾಪಸ್ ಬರಲ್ಲ. ಒಂದು ಸಲ ತೂಗಿದ ಮೇಲೆ ಭಾರ ಇಳಿಸ್ಬೇಕು. ಸೊನ್ನೆಗೆ ಬಂತಾ ನೋಡ್ಬೇಕು. ಆಮೇಲೆ ಇನ್ನೊಂದು ತೂಕ."

ಹೀಗೆ ಹೇಳುತ್ತಾ ಅವನು ಗುಂಡನ್ನು ಎತ್ತಿ ತಕ್ಕಡಿಯ ಮೇಲಿಟ್ಟು ತೋರಿಸಿದ. ನಾಲ್ಕು ಕಿಲೋ ಐದು ಗ್ರಾಂ. ಫಾರಂ ಅಕ್ಕ ಕನ್ನಡಕ ಮೇಲಕ್ಕೇರಿಸಿ ನೋಡಿದರು.

"ಇದು ಎಸೆಯೋ ಗುಂಡಲ್ವೇನ್ರೀ? ನಿಮ್ಮ ಪುಟ್ಟಿದು?"

"ಹೂಂ ಅಕ್ಕಾ. ಆಟ ಸಾಕು ಅಂತ ತಂದಿಟ್ಕೊಂಡೆ. ಇಪ್ಪತ್ತು ದಿನದಿಂದ ದಿನಕ್ಕೊಂದು ಪರೀಕ್ಷೆ ಕೊಡ್ತಿದ್ದೀನಿ. ಆದ್ರೂ ಅಂಕ ಇಳೀತಾನೇ ಇದೆ. ಇವತ್ತು ನೋಡಿದ್ರೆ ಪರೀಕ್ಷೆನೇ ಬರೆಯಲ್ಲ ಅಂತಾಳೆ."

"ಎಷ್ಟು ಪ್ರಶ್ನೆ ತಪ್ಪಾಯ್ತು ಅಂತ ಗೊತ್ತಲ್ಲ, ಯಾಕೆ ತಪ್ಪಾಯ್ತು ಅಂತ ನೋಡಿದ್ರಾ?"

ಮೇಸ್ತ್ರಿ ಕಣ್ಣು ಪಿಳಿಪಿಳಿ ಬಿಟ್ಟ. "ತಪ್ಪು ಅಂದ್ರೆ ತಪ್ಪು. ಅದ್ರಲ್ಲಿ ಯಾಕೆ ಏನು ಬಂತು?"

"ಚೆನ್ನಾಗಿದೆ! ತಕ್ಕಡಿ ತಪ್ಪು ತೋರಿಸಿದ್ರೆ ತಿರುಪು ಬಿಚ್ಚಿ ಒಳಗೆ ನೋಡೋರು ನೀವು. ಮಗಳು ತಪ್ಪು ಬರೆದ್ರೆ ಇನ್ನೊಂದು ಭಾರ ಹೇರೋದಾ? ಇಪ್ಪತ್ತು ದಿನದಿಂದ ಒಂದು ಸಲನಾದ್ರೂ ಇಳಿಸಿದ್ದೀರಾ?"

"ಮಕ್ಕಳೇನು ತಕ್ಕಡಿನಾ ಅಕ್ಕಾ?" ಮೇಸ್ತ್ರಿಗೆ ಸಿಟ್ಟು ಬಂತು.

"ಅಲ್ಲ. ತಕ್ಕಡಿ ಕೆಟ್ರೆ ನೀವು ರಿಪೇರಿ ಮಾಡ್ತೀರಿ. ಮಕ್ಕಳ ಮನಸ್ಸು ಮುರಿದ್ರೆ ರಿಪೇರಿ ಎಲ್ಲಿ? ಅದಕ್ಕೇ ಹೇಳ್ತಿರೋದು."

ಫಾರಂ ಅಕ್ಕ ಸ್ಟೂಲು ಎಳೆದುಕೊಂಡು ಕೂತು ವಿವರಿಸಿದರು. ಅವರ ಕಾಲೇಜಿನಲ್ಲಿ ಆಟಗಾರರಿಗೆಂದು ಕೆಲವು ಸೀಟುಗಳನ್ನು ಬೇರೆ ಇಟ್ಟಿರುತ್ತಾರೆ. ಮೈದಾನದಲ್ಲಿ ಆಯ್ಕೆ ನಡೆಯುತ್ತದೆ. ಆ ಅರ್ಜಿಗೆ ಈ ಶನಿವಾರವೇ ಕೊನೆ. ಆದರೆ ಬರೀ ಎಸೆತ ಚೆನ್ನಾಗಿದ್ದರೆ ಸಾಲದು, ಪ್ರವೇಶ ಪರೀಕ್ಷೆಯಲ್ಲಿ ಐವತ್ತಾದರೂ ಬಂದಿರಲೇಬೇಕು.

"ಆಟ ಬಿಡಿಸಿದ್ರೆ ಆ ಬಾಗಿಲು ಮುಚ್ಚುತ್ತೆ. ಪರೀಕ್ಷೆ ಬಿಟ್ರೆ ಎರಡೂ ಬಾಗಿಲು ಮುಚ್ಚುತ್ತೆ" ಎಂದರು ಅಕ್ಕ. "ಪ್ರತಿ ವರ್ಷ ಕೊನೆ ದಿನ ಕಳೆದ ಮೇಲೆ ಅರ್ಜಿ ಹಿಡ್ಕೊಂಡು ಬರೋ ಅಪ್ಪಂದಿರನ್ನ ನೋಡಿದ್ದೀನಿ ಮೇಸ್ತ್ರಿ. ಮುಖ ನೋಡಕ್ಕಾಗಲ್ಲ."

"ತೊಂಬತ್ತು ಬಂದೋರ ಮುಂದೆ ನಮ್ಮದೇನು ನಡೆಯುತ್ತೆ ಅಕ್ಕಾ?"

"ತೊಂಬತ್ತು ಬಂದೋರು ನೂರರಲ್ಲಿ ಎಷ್ಟು ಜನ ಇರ್ತಾರೆ? ಮಿಕ್ಕೋರೆಲ್ಲ ಎಲ್ಲಿಗೆ ಹೋಗ್ತಾರೆ? ಅವ್ರಿಗೂ ಕಾಲೇಜಿದೆ. ಯಾವುದು ಅಂತ ಹುಡುಕ್ಬೇಕು, ಅಷ್ಟೆ."

ಸಂಜೆ ಮೇಸ್ತ್ರಿ ಅಂಗಡಿಗೆ ಬೇಗ ಬೀಗ ಹಾಕಿದ. ಒಂದು ಕೈಯಲ್ಲಿ ಗುಂಡು, ಇನ್ನೊಂದು ಕೈಯಲ್ಲಿ ತಿರುಪು ಹಾಕಿಡುವ ಮೂರು ಖಾಲಿ ಡಬ್ಬಿ. ಮನೆಯಲ್ಲಿ ಹೆಂಡತಿ ಆಗಷ್ಟೇ ಕೆಲಸ ಮುಗಿಸಿ ಬಂದಿದ್ದಳು. ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ದಿನವಿಡೀ ಜನರ ಕಷ್ಟ ಕೇಳುವ ಹೆಂಗಸು, ಮಾತು ಅಳೆದು ಆಡುತ್ತಾಳೆ. ಗುಂಡನ್ನು ಕಂಡು ಅವಳ ಹುಬ್ಬು ಮೇಲೇರಿತು.

"ಏನ್ರೀ, ಅದಕ್ಕೆ ಬಿಡುಗಡೆ ಆಯ್ತಾ?"

"ಅವಳ ಹತ್ರ ಮಾತಾಡ್ಬೇಕು ಕಣೇ."

"ಮಾತಾಡಿ. ಇಪ್ಪತ್ತು ದಿನದಿಂದ ನೀವು ಅವಳ ಜೊತೆ ಮಾತೇ ಆಡಿಲ್ಲ. ಅವಳ ಅಂಕದ ಜೊತೆ ಆಡ್ತಿದ್ರಿ."

ಮೇಸ್ತ್ರಿ ಮೊದಲು ಫ್ರಿಜ್ಜಿನ ಬಾಗಿಲಿನಿಂದ ಚೀಟಿಗಳನ್ನು ಕಿತ್ತ. ಅಂಟು ಗಟ್ಟಿಯಾಗಿತ್ತು, ಉಗುರಿನಿಂದ ಕೆರೆಯಬೇಕಾಯಿತು. ಆ ಸದ್ದಿಗೆ ಪುಟ್ಟಿ ಕೋಣೆಯಿಂದ ಹೊರಗೆ ಬಂದಳು. ಅವನು ಗುಂಡನ್ನು ಅವಳ ಕೈಗೆ ಕೊಟ್ಟ.

"ನನ್ನದು ತಪ್ಪಾಯ್ತು ಪುಟ್ಟಿ. ಟೈಲರ್ ಮಾತು ಕೇಳಿ ಹೆದರಿಬಿಟ್ಟೆ. ನನ್ನ ಭಯಾನ ನಿನ್ನ ತಲೆ ಮೇಲೆ ಇಟ್ಟೆ."

ಪುಟ್ಟಿ ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಅಪ್ಪ ತಪ್ಪೊಪ್ಪಿಕೊಂಡಿದ್ದನ್ನು ಅವಳು ಹುಟ್ಟಿದ ಮೇಲೆ ಕೇಳಿರಲಿಲ್ಲ. ಕಣ್ಣು ತುಂಬಿ ಬಂತು.

"ನಾನು ದಡ್ಡಿ ಅಪ್ಪಾ. ಎಷ್ಟು ಸಲ ಬರೆದ್ರೂ ಅಷ್ಟೆ."

"ದಡ್ಡಿಯೋ ಅಲ್ವೋ ಆಮೇಲೆ ನೋಡೋಣ. ಮೊದಲು ತಿರುಪು ಬಿಚ್ಚೋಣ. ನಿನ್ನೆಯ ಉತ್ತರ ಪತ್ರಿಕೆ ತಗೊಂಡು ಬಾ."

ಊಟದ ಮೇಜಿನ ಸುತ್ತ ಮೂವರೂ ಕೂತರು. ನೂರರಲ್ಲಿ ತಪ್ಪಾದ ಐವತ್ನಾಲ್ಕು ಪ್ರಶ್ನೆಗಳ ಸಂಖ್ಯೆಯನ್ನು ಬೇರೆ ಬೇರೆ ಚೂರು ಕಾಗದದಲ್ಲಿ ಬರೆದರು. ಗೊತ್ತೇ ಇಲ್ಲದ್ದು ಒಂದು ಡಬ್ಬಿಗೆ. ಗೊತ್ತಿದ್ದೂ ಪ್ರಶ್ನೆ ಸರಿಯಾಗಿ ಓದದೆ ಕೆಟ್ಟದ್ದು ಇನ್ನೊಂದಕ್ಕೆ. ಸುಸ್ತಾಗಿ ಕಣ್ಣುಮುಚ್ಚಿ ಯಾವುದೋ ಉತ್ತರಕ್ಕೆ ಗೆರೆ ಹಾಕಿದ್ದು ಮೂರನೆಯದಕ್ಕೆ. ಒಂದೊಂದು ಚೂರು ಹಾಕುವಾಗಲೂ ಪುಟ್ಟಿಯೇ ಹೇಳಬೇಕು, ಅಪ್ಪ ಬಾಯಿ ಹಾಕಕೂಡದು. ಮೇಸ್ತ್ರಿಗೆ ಇದಕ್ಕಿಂತ ಕಷ್ಟದ ಕೆಲಸ ಜನ್ಮದಲ್ಲಿ ಬಂದಿರಲಿಲ್ಲ.

ಕೊನೆಗೆ ಎಣಿಸಿದರು. ಗೊತ್ತಿಲ್ಲದ್ದು ಇಪ್ಪತ್ಮೂರು. ಓದದೆ ಕೆಟ್ಟದ್ದು ಹದಿಮೂರು. ಸುಸ್ತಿನ ಡಬ್ಬಿಯಲ್ಲಿ ಹದಿನೆಂಟು, ಎಲ್ಲವೂ ಪತ್ರಿಕೆಯ ಕೊನೆಯ ಎರಡು ಪುಟದವು.

ಅಮ್ಮ ಮೂರನೆಯ ಡಬ್ಬಿಯನ್ನು ಅಲ್ಲಾಡಿಸಿ, "ಇದಕ್ಕೆ ಪುಸ್ತಕ ಬೇಡ ಕಣೇ. ನಿದ್ದೆ ಬೇಕು" ಎಂದಳು. ಎಷ್ಟೋ ದಿನದ ಮೇಲೆ ಪುಟ್ಟಿ ಮುಖದಲ್ಲಿ ನಗು ಕಾಣಿಸಿತು.

"ಬರೀತೀಯಾ ಪುಟ್ಟಿ?" ಅಪ್ಪ ಕೇಳಿದ. ಹೇಳಲಿಲ್ಲ, ಕೇಳಿದ.

"ದಿನಕ್ಕೊಂದು ಆದ್ರೆ ಇಲ್ಲ."

"ವಾರಕ್ಕೊಂದು?"

ಪುಟ್ಟಿ ಯೋಚಿಸಿದಳು. "ಆಯ್ತು. ಆದ್ರೆ ಮೈದಾನಕ್ಕೂ ಹೋಗ್ತೀನಿ."

ಹಾಗೆ ಒಪ್ಪಂದವಾಯಿತು. ಭಾನುವಾರ ಬೆಳಿಗ್ಗೆ, ನಿಜವಾದ ಪರೀಕ್ಷೆ ನಡೆಯುವ ಹೊತ್ತಿಗೇ, ಒಂದು ಪೂರ್ತಿ ಮಾದರಿ ಪರೀಕ್ಷೆ. ಮುಂದಿನ ಎರಡು ದಿನ ಹೊಸದೇನೂ ಇಲ್ಲ, ತಪ್ಪಾದದ್ದನ್ನೇ ಮತ್ತೆ ಮಾಡುವುದು. ವಾರಕ್ಕೆ ನಾಲ್ಕು ಸಂಜೆ ಮೈದಾನ, ಒಂದೊಂದು ಗಂಟೆ. ಹತ್ತಕ್ಕೆ ದೀಪ ಆರಬೇಕು. ಶುಕ್ರವಾರ ಅಪ್ಪ ತಾನೇ ಹೋಗಿ ಆಟಗಾರರ ಅರ್ಜಿ ಕೊಟ್ಟು, ರಸೀದಿ ತಂದು ಪುಟ್ಟಿಯ ಕೈಗಿಟ್ಟ. ಕಾಲೇಜುಗಳ ಪಟ್ಟಿಯನ್ನೂ ಮಾಡಿದರು. ಅದೃಷ್ಟ ಕೈ ಹಿಡಿದರೆ ಸಿಗುವಂಥ ಎರಡು, ಸರಿಹೊಂದುವಂಥ ಮೂರು, ಸಿಕ್ಕೇ ಸಿಗುವಂಥ ಎರಡು.

ಮೊದಲ ಭಾನುವಾರ ನಲವತ್ತೊಂಬತ್ತು ಬಂತು. ಎರಡನೆಯ ಭಾನುವಾರ ನಲವತ್ತೆಂಟು! ಮೇಸ್ತ್ರಿಯ ಕೈ ಆಗಲೇ ಇನ್ನೊಂದು ಪ್ರಶ್ನೆಪತ್ರಿಕೆಯ ಕಡೆಗೆ ಹೊರಟಿತ್ತು. ಹೆಂಡತಿ ಆ ಕೈ ಮೇಲೆ ತನ್ನ ಕೈ ಇಟ್ಟಳು.

"ಡಬ್ಬಿ ನೋಡಿ ಮೊದಲು."

ನೋಡಿದರು. ಸುಸ್ತಿನ ಡಬ್ಬಿಯಲ್ಲಿ ಆರೇ ಚೂರು ಇದ್ದವು. ಈ ಸಲದ ಪತ್ರಿಕೆಯಲ್ಲಿ ಅವಳು ಕಲಿಯದ ಎರಡು ಪಾಠದ ಪ್ರಶ್ನೆಗಳೇ ಹೆಚ್ಚು ಬಂದಿದ್ದವು. "ಹಾಗಾದ್ರೆ ಆ ಎರಡು ಪಾಠ ಟೀಚರ್ ಹತ್ರ ಕೇಳ್ಕೊಂಡು ಬರ್ತೀನಿ" ಎಂದಳು ಪುಟ್ಟಿ. ಯಾರೂ ಹೇಳಿಕೊಟ್ಟ ಮಾತಲ್ಲ ಅದು. ಮೂರನೆಯ ಭಾನುವಾರ ಐವತ್ತೈದು ಬಂತು, ನಾಲ್ಕನೆಯದಕ್ಕೆ ಐವತ್ತೇಳು. ಮೇಸ್ತ್ರಿ ಅದನ್ನು ಎಲ್ಲೂ ಅಂಟಿಸಲಿಲ್ಲ.

ಪರೀಕ್ಷೆಗೆ ಮೂರು ದಿನ ಮುಂಚೆ ಮೈದಾನದಲ್ಲಿ ಆಯ್ಕೆ ಇತ್ತು. ಮೇಸ್ತ್ರಿ ಅಂಗಡಿ ಮುಚ್ಚಿ ಬಂದು ಬೇಲಿಯ ಹತ್ತಿರ ನಿಂತ. ಮಗಳು ಎಸೆಯುವುದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಮೇಜಿನ ಹಿಂದೆ ಕೂತ ತೀರ್ಪುಗಾರರು ಸ್ವಂತ ಗುಂಡು ತಂದವರ ಗುಂಡುಗಳನ್ನು ತೂಗಿ ಒಳಗೆ ಬಿಡುತ್ತಿದ್ದರು. ಪುಟ್ಟಿಯ ಗುಂಡು ಮೂರು ಕಿಲೋ ಒಂಬೈನೂರ ಅರವತ್ತು ತೋರಿಸಿತು.

"ತೂಕ ಕಡಿಮೆ ಇದೆಯಮ್ಮಾ. ಇದರಲ್ಲಿ ಎಸೆಯೋ ಹಾಗಿಲ್ಲ."

ಪುಟ್ಟಿಯ ಹೆಗಲು ಇಳಿಯಿತು. ಫ್ರಿಜ್ಜಿನ ಮುಂದೆ ನಿಂತಾಗ ಇಳಿಯುತ್ತಿದ್ದ ಹಾಗೆಯೇ. ಮೇಸ್ತ್ರಿ ಬೇಲಿ ದಾಟಿದ. ಆದರೆ ದನಿ ಏರಿಸಲಿಲ್ಲ.

"ಸ್ವಾಮೀ, ನಾನು ತಕ್ಕಡಿ ರಿಪೇರಿಯವನು. ಒಂದು ಸಲ ಬಗ್ಗಿ ನೋಡಿ. ನಿಮ್ಮ ತಟ್ಟೆಯ ಅಂಚು ಪಕ್ಕದ ಫೈಲಿಗೆ ತಾಗ್ತಿದೆ. ಅರ್ಧ ಭಾರ ಅದು ಹೊರ್ತಿದೆ."

ತೀರ್ಪುಗಾರರು ಬಗ್ಗಿ ನೋಡಿದರು. ಮಕ್ಕಳ ಅಂಕಪಟ್ಟಿಗಳನ್ನು ತುಂಬಿದ ದಪ್ಪ ಫೈಲು ತಟ್ಟೆಯ ಅಡಿಗೆ ಜರುಗಿತ್ತು. ಅದನ್ನು ಎಳೆದು ಪಕ್ಕಕ್ಕಿಟ್ಟರು, ಸೊನ್ನೆ ನೋಡಿದರು, ಗುಂಡನ್ನು ಮತ್ತೆ ಇಟ್ಟರು. ನಾಲ್ಕು ಕಿಲೋ ಐದು ಗ್ರಾಂ.

"ಅರ್ಧ ಭಾರ ಏನಿಲ್ಲ, ನಲವತ್ತೈದು ಗ್ರಾಂ" ಎಂದು ತೀರ್ಪುಗಾರರು ನಕ್ಕರು. "ಹೋಗಮ್ಮಾ, ನಿನ್ನ ಗುಂಡು ಸರಿಯಾಗೇ ಇದೆ."

ಪುಟ್ಟಿ ಗುಂಡನ್ನು ಕುತ್ತಿಗೆಗೆ ಆನಿಸಿಕೊಂಡು ವೃತ್ತದೊಳಗೆ ನಿಂತಳು. ಮೇಸ್ತ್ರಿಗೆ ಎಸೆತದ ಲೆಕ್ಕ ತಿಳಿಯದು. ಅವನು ನೋಡಿದ್ದು ಮಗಳ ಮುಖ. ಆ ಮುಖದಲ್ಲಿ ಹೆದರಿಕೆಯ ಸುಳಿವೇ ಇರಲಿಲ್ಲ. ಅವಳು ಓದಲು ಮೇಜಿನ ಮುಂದೆ ಕೂತಾಗ ಈ ಹುಡುಗಿಯನ್ನು ತಾನೆಂದೂ ಕಂಡೇ ಇರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಗುಂಡು ಹನ್ನೊಂದು ಮೀಟರಿನ ಗೆರೆಯಾಚೆ ಬಿದ್ದು ಮಣ್ಣಿನಲ್ಲಿ ಹೂತುಕೊಂಡಿತು.

ಭಾನುವಾರ ಪುಟ್ಟಿ ಪರೀಕ್ಷೆ ಬರೆದಳು. ಕೊನೆಯ ಎರಡು ಪುಟವನ್ನೂ ಓದಿಯೇ ಬರೆದಳು. ಫಲಿತಾಂಶದ ದಿನ ಐವತ್ತೊಂಬತ್ತು ಬಂತು. ತೊಂಬತ್ತೊಂದಲ್ಲ, ಐವತ್ತೊಂಬತ್ತೇ. ಫಾರಂ ಅಕ್ಕನ ಕಾಲೇಜಿನಲ್ಲಿ ಸೀಟು ಸಿಕ್ಕ ಆಟಗಾರರ ಪಟ್ಟಿಯಲ್ಲಿ ಅವಳ ಹೆಸರು ನಾಲ್ಕನೆಯದಾಗಿತ್ತು. ಆ ಸಂಜೆ ಟೈಲರ್ ಮೆಟ್ಟಿಲ ಮೇಲೆ ನಿಂತು, "ಎಷ್ಟು ಬಂತು ಮೇಸ್ತ್ರಿ?" ಎಂದು ಕೇಳಿದ.

"ಅವಳಿಗೆ ಬೇಕಾದಷ್ಟು ಬಂತು" ಎಂದ ಮೇಸ್ತ್ರಿ. ತಲೆಯೆತ್ತಿಯೇ ಹೇಳಿದ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಪುಟ್ಟಿಯೋ ಪುಟ್ಟನೋ ಈ ವರ್ಷ ಪ್ರವೇಶ ಪರೀಕ್ಷೆಗೆ ಕೂರುತ್ತಿರಬಹುದು. ಎಷ್ಟು ಬಂತು ಎಂದು ಕೇಳುವ ಮೊದಲು ಎಲ್ಲಿ ತಡವರಿಸಿತು ಎಂದು ಕೇಳಿ. ತಪ್ಪುಗಳನ್ನು ಜೊತೆಗೆ ಕೂತು ವಿಂಗಡಿಸಿ, ಗೊತ್ತಿಲ್ಲದ್ದನ್ನು ಕಲಿಯಲು ಶಿಕ್ಷಕರ ಹತ್ತಿರ ಕಳಿಸಿ, ಸುಸ್ತಾದದ್ದಕ್ಕೆ ನಿದ್ದೆ ಕೊಡಿ. ಒಂದೊಂದು ಕಾಲೇಜಿಗೆ ಒಂದೊಂದು ನಿಯಮ, ಒಂದೊಂದು ಕೊನೆಯ ದಿನ. ಈ ವಾರವೇ ವಿಚಾರಿಸಿ ಬರೆದಿಟ್ಟುಕೊಳ್ಳಿ. ಪಕ್ಕದ ಮನೆಯ ಅಂಕ ಪಕ್ಕದ ಮನೆಯಲ್ಲೇ ಇರಲಿ. ನಿಮ್ಮ ಮಗುವಿನ ಚೆಂಡೋ ಬೂಟೋ ನಿಮ್ಮ ಬೀರುವಿನಲ್ಲಿ ಬೀಗದ ಹಿಂದೆ ಕೂತಿದ್ದರೆ, ಈ ಹಾಳೆ ಮಡಚಿಡುವ ಮೊದಲೇ ಎದ್ದು ಹೋಗಿ ಅದನ್ನು ತೆಗೆದು ಮಗುವಿನ ಕೈಗೆ ಕೊಡಿ.